ಗಾಲ್ಫ್ ಚೆಂಡು ತಾನಾಗಿ ಟೀ ಮೇಲೆ ಬರುವ ಮೆಷಿನ್: ಆಟ ಸುಧಾರಿಸುತ್ತಾ, ಬರೀ ಹೊಡೆತ ಜಾಸ್ತಿ ಆಗುತ್ತಾ?

ಏಳನೇ ಐರನ್

ಎಲ್ಲರಿಗೂ ನಮಸ್ಕಾರ. ನಾನು ಗಾಲ್ಫ್ ಅಭ್ಯಾಸಕ್ಕೆ ಹೋಗುವ ರೇಂಜ್‌ನಲ್ಲಿ ಒಂದು ಸಾಲಿನ ಮ್ಯಾಟ್‌ಗಳಿಗೆ ಆಟೋಮ್ಯಾಟಿಕ್ ಟೀ (ಚೆಂಡು ಇಡುವ ಗೂಟ) ಕೂರಿಸಿದ್ದಾರೆ. ಚೆಂಡು ಹೊಡೆದ ಮೇಲೆ ರಬ್ಬರ್ ಟೀ ಮ್ಯಾಟಿನೊಳಗೆ ಇಳಿಯುತ್ತದೆ. ಕೆಳಗಿಂದ ಇನ್ನೊಂದು ಚೆಂಡು ಹೊತ್ತುಕೊಂಡು ಮೇಲೆ ಬರುತ್ತದೆ. ಬಗ್ಗುವ ಮಾತೇ ಇಲ್ಲ. ಎಷ್ಟು ಎತ್ತರ ಬೇಕು ಅಂತ ಒಮ್ಮೆ ಬಟನ್ ಒತ್ತಿದರೆ ಪ್ರತಿ ಸಲ ಅಲ್ಲೇ ನಿಲ್ಲುತ್ತದೆ.

ನನಗೆ ಇದು ತುಂಬಾ ಹಿಡಿಸಿದೆ. ಆದರೆ ಒಂದು ವಿಷಯ ಕಾಡುತ್ತಿದೆ. ಈ ಮ್ಯಾಟ್ ಮೇಲೆ ನಿಂತರೆ ಬುಟ್ಟಿ ಬೇಗ ಖಾಲಿ ಆಗುತ್ತದೆ. ಕೊನೆ ಕೊನೆಗೆ ಹೊಡೆತಗಳೆಲ್ಲ ಒಂದೇ ಕಡೆ ವಾಲುತ್ತವೆ. ಪಕ್ಕದ ಮ್ಯಾಟ್‌ಗಳಲ್ಲೂ ಇದನ್ನೇ ನೋಡುತ್ತಿದ್ದೇನೆ. ಚೆಂಡು ಮೇಲೆ ಬಂದ ತಕ್ಷಣ ಹೊಡೆಯುತ್ತಾರೆ, ಹಿಂದಿನದು ಎಲ್ಲಿ ಬಿತ್ತು ಅಂತ ನೋಡುವುದೇ ಇಲ್ಲ.

ಇಂಥ ಮೆಷಿನ್‌ನಿಂದ ಆಟ ನಿಜಕ್ಕೂ ಸುಧಾರಿಸುತ್ತಾ? ಮನೆಯಲ್ಲಿ ನೆಟ್ ಕಟ್ಟಿ, ಲಾಂಚ್ ಮಾನಿಟರ್ (ಹೊಡೆದ ಚೆಂಡಿನ ವೇಗ, ಕೋನ ಅಳೆಯುವ ಯಂತ್ರ) ಇಟ್ಟು, ಜೊತೆಗೆ ಇಂಥದ್ದೊಂದು ಟೀ ಹಾಕಿಸುವ ಯೋಚನೆಯೂ ಇದೆ. ಬಳಸಿದವರು ದಯವಿಟ್ಟು ಹೇಳಿ.

ರೇಂಜ್ ಕೆಲಸ

ಇವುಗಳ ರಿಪೇರಿ ನೋಡಿಕೊಳ್ಳುವುದೇ ನನ್ನ ಕೆಲಸ, ಹಾಗಾಗಿ ಒಳಗೆ ಏನಿದೆ ಅಂತ ಹೇಳುತ್ತೇನೆ.

ಮ್ಯಾಟ್ ಪಕ್ಕದಲ್ಲಿ ಚೆಂಡು ಸುರಿಯುವ ಡಬ್ಬಿ ಇರುತ್ತದೆ. ಅಲ್ಲಿಂದ ಚೆಂಡುಗಳು ಒಂದರ ಹಿಂದೆ ಒಂದು ಇಳಿಜಾರು ದಾರಿಯಲ್ಲಿ ಉರುಳುತ್ತವೆ. ದಾರಿಯ ಕೊನೆಗೆ ಒಂದು ಗೇಟ್. ಅದು ಒಂದು ಸಲಕ್ಕೆ ಒಂದೇ ಚೆಂಡು ಬಿಡುತ್ತದೆ. ಅಷ್ಟರಲ್ಲಿ ಟೀ ಕೆಳಗಿಳಿದಿರುತ್ತದೆ, ಚೆಂಡು ಅದರ ಬಾಯಿಗೆ ಕೂರುತ್ತದೆ, ಮೋಟರ್ ಮೇಲೆತ್ತುತ್ತದೆ. ಇಷ್ಟೇ ಕೆಲಸ. ತಂತ್ರ ದೊಡ್ಡದಲ್ಲ. ಆದರೆ ದಿನವಿಡೀ ತಪ್ಪದೆ ನಡೆಯಬೇಕು, ಅಲ್ಲೇ ಕಷ್ಟ ಇರುವುದು.

ನಿಲ್ಲುವುದಕ್ಕೆ ಹೆಚ್ಚಿನ ಸಲ ಕಾರಣ ಕೊಳೆ. ಮಳೆಗಾಲದಲ್ಲಿ ಚೆಂಡಿಗೆ ಮೆತ್ತಿಕೊಂಡ ಮಣ್ಣು ದಾರಿಯಲ್ಲಿ ಉದುರಿ ಗಟ್ಟಿಯಾಗುತ್ತದೆ. ಹುಲ್ಲಿನ ಚೂರು, ಮುರಿದ ಮರದ ಟೀ, ಮ್ಯಾಟಿನ ನಾರು, ಎಲ್ಲ ತೂತಿನೊಳಗೆ ಸೇರುತ್ತವೆ. ಚೆಂಡು ತೊಳೆದು ಒಣಗಿಸಿ ಹಾಕಿದರೆ ಅರ್ಧ ತೊಂದರೆ ತಪ್ಪುತ್ತದೆ. ಸಿಪ್ಪೆ ಒಡೆದ ಚೆಂಡು ಬೆರೆತರೆ ಗೇಟ್‌ನಲ್ಲಿ ಸಿಕ್ಕಿಕೊಳ್ಳುವುದು ಗ್ಯಾರಂಟಿ. ರಬ್ಬರ್ ಟೀ ಸವೆಯುತ್ತದೆ, ಅದನ್ನು ಆಗಾಗ ಬದಲಿಸಲೇಬೇಕು. ಬಾಯಿ ಹರಿದ ಟೀ ಮೇಲೆ ಚೆಂಡು ಓರೆಯಾಗಿ ಕೂರುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಈ ಮೆಷಿನ್ ಹಾಕಿದ ಮ್ಯಾಟ್‌ನಲ್ಲಿ ಜನ ಜಾಸ್ತಿ ಚೆಂಡು ಹೊಡೆಯುತ್ತಾರೆ. ರೇಂಜ್ ನಡೆಸುವವರಿಗೆ ಅದು ಬೇಕಾದದ್ದೇ. ಆಟಗಾರನಿಗೆ ಒಳ್ಳೆಯದಾ ಅನ್ನುವುದನ್ನು ಕಲಿಸುವವರು ಹೇಳಲಿ.

ಹಳೇ ವೆಜ್

ಕಲಿಸುವವನಾಗಿ ಹೇಳುತ್ತೇನೆ. ಮೆಷಿನ್ ಒಳ್ಳೆಯದೇ. ಅದರ ವೇಗ ಕೆಟ್ಟದ್ದು.

ಕ್ಲಬ್ಬು, ಅಂದರೆ ಹೊಡೆಯುವ ಕೋಲು, ಮತ್ತು ಚೆಂಡು ಒಂದನ್ನೊಂದು ಮುಟ್ಟಿಕೊಂಡಿರುವುದು ಸುಮಾರು ಅರ್ಧ ಮಿಲಿಸೆಕೆಂಡ್. ಇಡೀ ಸ್ವಿಂಗ್, ಅಂದರೆ ಕ್ಲಬ್ ಬೀಸುವುದು, ಹೆಚ್ಚೆಂದರೆ ಒಂದೂವರೆ ಸೆಕೆಂಡ್. ಆ ಹೊತ್ತಿನಲ್ಲಿ ಯಾರೂ ಏನನ್ನೂ ಕಲಿಯುವುದಿಲ್ಲ. ಕಲಿಯುವುದೆಲ್ಲ ಎರಡು ಹೊಡೆತಗಳ ನಡುವೆ. ಚೆಂಡು ಎಲ್ಲಿಂದ ಹೊರಟಿತು, ಯಾವ ಕಡೆ ತಿರುಗಿತು, ಕೈಗೆ ಏನು ತಿಳಿಯಿತು, ಮುಂದಿನದಕ್ಕೆ ಏನು ಬದಲಿಸಬೇಕು ಅನ್ನುವುದೆಲ್ಲ ಆಗ ನಡೆಯುತ್ತದೆ. ಹಿಂದೆ ಬಗ್ಗಿ ಚೆಂಡು ಇಡುವಾಗ ಆ ಸಮಯ ನಮಗೆ ಗೊತ್ತಿಲ್ಲದೇ ಸಿಗುತ್ತಿತ್ತು. ಮ್ಯಾಟ್‌ನಿಂದ ಒಂದು ಹೆಜ್ಜೆ ಈಚೆ ಬರುತ್ತಿದ್ದೆವು. ಮತ್ತೆ ನಿಲ್ಲುವಾಗ ಗ್ರಿಪ್ ಹೊಸದಾಗಿ ಹಿಡಿಯುತ್ತಿದ್ದೆವು, ಕಾಲು ಹೊಸದಾಗಿ ಇಡುತ್ತಿದ್ದೆವು. ಈಗ ಚೆಂಡು ಕಾಲ ಬುಡಕ್ಕೇ ಬರುವುದರಿಂದ ನಿಂತ ಜಾಗ ಬಿಟ್ಟು ಕದಲುವುದೇ ಇಲ್ಲ. ಕಾಲು ಸ್ವಲ್ಪ ಬಲಕ್ಕೆ ತಿರುಗಿದ್ದರೆ ಇಡೀ ಬುಟ್ಟಿ ಹಾಗೇ ಹೋಗುತ್ತದೆ. ನಿಮ್ಮ ಕೊನೆಯ ಹೊಡೆತಗಳು ಒಂದೇ ಕಡೆ ವಾಲುವುದಕ್ಕೆ ಬಹುತೇಕ ಇದೇ ಕಾರಣ ಇರಬೇಕು.

ಇನ್ನೊಂದು ಮಾತು. 1979ರಲ್ಲಿ ಶಿಯಾ ಮತ್ತು ಮಾರ್ಗನ್ ಎಂಬ ಇಬ್ಬರು ಸಂಶೋಧಕರು ಮೂರು ಕೈಚಲನೆ ಕಲಿಯುವ ಬಗ್ಗೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪು ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಿ ಆಮೇಲೆ ಮುಂದಿನದಕ್ಕೆ ಹೋಯಿತು. ಇನ್ನೊಂದು ಗುಂಪು ಮೂರನ್ನೂ ಕಲಸಿ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪೇ ಮುಂದಿತ್ತು. ಸ್ವಲ್ಪ ದಿನ ಬಿಟ್ಟು ಪರೀಕ್ಷೆ ಮಾಡಿದಾಗ ಕಲಸಿ ಮಾಡಿದವರಿಗೇ ಚೆನ್ನಾಗಿ ಬಂತು. ಅದು ಗಾಲ್ಫ್ ಪ್ರಯೋಗ ಅಲ್ಲ. ಆದರೆ ರೇಂಜ್‌ನಲ್ಲಿ ನಾವು ದಿನಾ ನೋಡುವುದಕ್ಕೆ ಸರಿಯಾಗಿ ಹೊಂದುತ್ತದೆ. ಒಂದೇ ಕ್ಲಬ್ ಹಿಡಿದು ಸಾಲಾಗಿ ಹೊಡೆದರೆ "ಇವತ್ತು ಸಿಕ್ಕಿತು" ಅನ್ನಿಸುತ್ತದೆ. ಕೋರ್ಸ್‌ಗೆ, ಅಂದರೆ ನಿಜವಾದ ಆಟದ ಮೈದಾನಕ್ಕೆ, ಹೋದರೆ ಇರುವುದಿಲ್ಲ.

ಎಡಗೈ ಆಟ

ಹಳೇ ವೆಜ್ ಸರ್, ಇದಕ್ಕೆ ಸ್ವಲ್ಪ ತಕರಾರಿದೆ. ಹೊಸದಾಗಿ ಬಂದವರಿಗೆ ಮೊದಲು ಬೇಕಾಗುವುದು ಚೆಂಡಿಗೆ ತಗುಲಿಸುವುದು. ಅದಕ್ಕೆ ಮತ್ತೆ ಮತ್ತೆ ಹೊಡೆಯಲೇಬೇಕು. ಐದು ಹೊಡೆತಕ್ಕೆ ಮೂರು ಗಾಳಿಗೆ ಹೋಗುವ ಹಂತದಲ್ಲಿ ಕ್ಲಬ್ ಬದಲಿಸು, ಗುರಿ ಬದಲಿಸು ಅಂದರೆ ಬೇಸರ ಬಂದು ಆಟವನ್ನೇ ಬಿಡುತ್ತಾರೆ. ಟೀ ಎತ್ತರ ಪ್ರತಿ ಸಲ ಒಂದೇ ಇರುವುದು ಅವರಿಗೆ ದೊಡ್ಡ ಉಪಕಾರ. ಕೈಯಲ್ಲಿ ಟೀ ಚುಚ್ಚಿದರೆ ಒಮ್ಮೆ ಎತ್ತರ, ಒಮ್ಮೆ ತಗ್ಗು. ಹೊಡೆತ ತಪ್ಪಿದಾಗ ತಪ್ಪು ಟೀದಾ, ಸ್ವಿಂಗ್‌ದಾ ಅಂತಲೇ ತಿಳಿಯುವುದಿಲ್ಲ.

ಹಳೇ ವೆಜ್

ಒಪ್ಪುತ್ತೇನೆ. ಶುರುವಿನಲ್ಲಿ ಒಂದೇ ಹೊಡೆತ ಸಾಲಾಗಿ ಹೊಡೆಯುವುದು ಸರಿ. ತಗುಲುವುದಕ್ಕೆ ಶುರುವಾದ ಮೇಲೂ ಅದರಲ್ಲೇ ಉಳಿಯುವುದು ನನಗೆ ಬೇಸರ. ಆಮೇಲೆ ಹೊಸಬರಿಗೂ ಒಂದು ಹೊಡೆತ ಆದ ಮೇಲೆ ಉಸಿರು ಬಿಡುವಷ್ಟು ಸಮಯ ಬೇಕೇ ಬೇಕು.

ಮತ್ತೆ ಮೈದಾನಕ್ಕೆ

ಈ ಚರ್ಚೆಯಲ್ಲಿ ಒಂದು ಕಡೆಯ ಮಾತು ಬಂದೇ ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನನಗೆ ಸೊಂಟದ ಹತ್ತಿರ ಬೆನ್ನಿನ ಆಪರೇಷನ್ ಆಗಿದೆ. ನಿಂತು ನಿಧಾನಕ್ಕೆ ಸ್ವಿಂಗ್ ಮಾಡಬಹುದು ಅಂತ ಡಾಕ್ಟರ್ ಒಪ್ಪಿಗೆ ಕೊಟ್ಟರು. ಬಗ್ಗುವುದು ಮಾತ್ರ ಆಗುತ್ತಿರಲಿಲ್ಲ. ನೆಲದ ಮೇಲೆ ಚೆಂಡು ಇಡುವುದು ಎಷ್ಟು ದೊಡ್ಡ ಕೆಲಸ ಅಂತ ಬಗ್ಗಲು ಬರುವವರಿಗೆ ಗೊತ್ತಾಗುವುದಿಲ್ಲ. ಪ್ರತಿ ಚೆಂಡಿಗೂ ಯಾರನ್ನಾದರೂ ಕೇಳಬೇಕು. ಎಷ್ಟು ಸಲ ಅಂತ ಕೇಳುವುದು? ಸಂಕೋಚಕ್ಕೇ ಹೋಗುವುದು ನಿಲ್ಲಿಸಿದ್ದೆ.

ಆಟೋಮ್ಯಾಟಿಕ್ ಟೀ ಬಂದ ಮೇಲೆ ಯಾರ ಹಂಗೂ ಇಲ್ಲದೆ ಆಡುತ್ತಿದ್ದೇನೆ. ಅಲ್ಲಿಗೇ ಗಾಲಿಕುರ್ಚಿಯಲ್ಲಿ ಕುಳಿತು ಆಡುವವರೂ ಬರುತ್ತಾರೆ, ಮಂಡಿ ಬದಲಿಸಿಕೊಂಡವರೂ ಬರುತ್ತಾರೆ. ನಮಗೆ ಇದು ಸೌಕರ್ಯ ಅಲ್ಲ, ಆಟಕ್ಕೆ ಇರುವ ಬಾಗಿಲು. ರೇಂಜ್ ನಡೆಸುವವರು ಓದುತ್ತಿದ್ದರೆ ಒಂದು ಕೋರಿಕೆ: ಬಾಗಿಲಿಗೆ ಹತ್ತಿರ ಇರುವ, ಮೆಟ್ಟಿಲಿಲ್ಲದ ಮ್ಯಾಟ್‌ಗೇ ಈ ಮೆಷಿನ್ ಹಾಕಿ. ಮೇಲಿನ ಅಂತಸ್ತಿಗೆ ಮಾತ್ರ ಹಾಕಿದರೆ ನಿಜವಾಗಿ ಬೇಕಾದವರಿಗೆ ಸಿಗುವುದಿಲ್ಲ.

ಫಿಸಿಯೋ

ಮತ್ತೆ ಮೈದಾನಕ್ಕೆ ಅವರೇ, ನೀವು ವಾಪಸ್ ಬಂದದ್ದು ಕೇಳಿ ತುಂಬಾ ಸಂತೋಷ ಆಯಿತು. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ, ನಿಮಗಷ್ಟೇ ಅಲ್ಲ ಎಲ್ಲರಿಗೂ. ಮೆಷಿನ್ ಬಗ್ಗುವ ಹೊರೆ ತೆಗೆಯುತ್ತದೆ, ತಿರುಚುವ ಹೊರೆ ತೆಗೆಯುವುದಿಲ್ಲ. ಗಾಲ್ಫ್‌ನಲ್ಲಿ ಸೊಂಟದ ನೋವಿಗೆ ಸ್ವಿಂಗ್‌ನ ತಿರುಚುವಿಕೆ ದೊಡ್ಡ ಕಾರಣ. ಬಗ್ಗುವುದು ತಪ್ಪಿತು ಅಂತ ಎರಡರಷ್ಟು ಚೆಂಡು ಹೊಡೆದರೆ ಬೆನ್ನಿನ ಮೇಲಿನ ಭಾರ ಒಟ್ಟಾರೆ ಜಾಸ್ತಿಯೇ ಆಗಬಹುದು.

ಮ್ಯಾಟ್ ಕೂಡ ನೋಡಿ. ತೆಳು ಮ್ಯಾಟ್ ಕೆಳಗೆ ಕಾಂಕ್ರೀಟ್ ಇದ್ದರೆ ಐರನ್ (ನೆಲದ ಮೇಲಿನ ಚೆಂಡಿಗೆ ಬಳಸುವ ಕ್ಲಬ್) ಹೊಡೆತದ ಏಟು ನೇರ ಮಣಿಕಟ್ಟಿಗೆ, ಮೊಣಕೈಗೆ ಬರುತ್ತದೆ. ಮೊಣಕೈ ಒಳಬದಿಯ ನೋವಿಗೆ ಗಾಲ್ಫರ್ಸ್ ಎಲ್ಬೋ ಅನ್ನುವ ಹೆಸರೇ ಇದೆ. ಮನೆಗೆ ತರುವವರು ಟೀಗಿಂತ ಮೊದಲು ದಪ್ಪ ಮ್ಯಾಟ್ ನೋಡಿ.

ಹಳೇ ವೆಜ್

ಮ್ಯಾಟ್ ವಿಷಯ ಬಂದದ್ದು ಒಳ್ಳೆಯದಾಯಿತು. ಮ್ಯಾಟ್ ಸುಳ್ಳು ಹೇಳುತ್ತದೆ. ಹುಲ್ಲಿನ ಮೇಲೆ ಚೆಂಡಿಗಿಂತ ಎರಡು ಇಂಚು ಹಿಂದೆ ನೆಲಕ್ಕೆ ಬಿದ್ದರೆ ಕ್ಲಬ್ ಮಣ್ಣಿನಲ್ಲಿ ಹೂತು ಚೆಂಡು ಅರ್ಧ ದಾರಿಗೆ ಬೀಳುತ್ತದೆ. ಮ್ಯಾಟ್ ಮೇಲೆ ಅದೇ ಕ್ಲಬ್ ಜಾರಿಕೊಂಡು ಹೋಗಿ ಚೆಂಡಿಗೆ ಸರಿಯಾಗೇ ತಗುಲಿದ ಹಾಗೆ ಕಾಣುತ್ತದೆ. ರಬ್ಬರ್ ಟೀ ಮೇಲೆ ಐರನ್ ಹೊಡೆದರೆ ಇನ್ನೂ ಸಲೀಸು. ಅದಕ್ಕೇ ಆಟೋಮ್ಯಾಟಿಕ್ ಟೀಯನ್ನು ಡ್ರೈವರ್‌ಗೆ, ಅಂದರೆ ಅತಿ ದೂರ ಹೊಡೆಯುವ ಕ್ಲಬ್‌ಗೆ, ಇಟ್ಟುಕೊಳ್ಳಿ. ಐರನ್ ಹೊಡೆಯುವಾಗ ಟೀಯನ್ನು ಮ್ಯಾಟ್ ಮಟ್ಟಕ್ಕೇ ಇಳಿಸಿ. ವೆಜ್‌ಗೆ, ಅಂದರೆ ಹತ್ತಿರದ ಹೊಡೆತದ ಕ್ಲಬ್‌ಗೆ, ಎಲ್ಲಾದರೂ ಹುಲ್ಲು ಹುಡುಕಿ.

ಸರ್ಕ್ಯೂಟ್

ನಾನು ಮನೆಯಲ್ಲೇ ಒಂದು ಕಟ್ಟಿದ್ದೇನೆ. ಎಲೆಕ್ಟ್ರಾನಿಕ್ಸ್ ಕೈ ಹಿಡಿಯುವವರಿಗೆ ಇದು ಬಹಳ ಖುಷಿ ಕೊಡುವ ಕೆಲಸ.

ಚೆಂಡಿನ ಅಳತೆ ನಿಯಮದಲ್ಲೇ ಇದೆ. ವ್ಯಾಸ 42.67 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು, ತೂಕ 45.93 ಗ್ರಾಂ ದಾಟಬಾರದು. ಹಾಗಾಗಿ ಒಳ ವ್ಯಾಸ 46ರಿಂದ 50 ಮಿಲಿಮೀಟರ್ ಇರುವ ಪೈಪ್ ಸಾಕು. ಅದಕ್ಕಿಂತ ಅಗಲವಾದರೆ ಚೆಂಡುಗಳು ಒಂದರ ಪಕ್ಕ ಒಂದು ತೂರಿಕೊಂಡು ಕಚ್ಚಿಕೊಳ್ಳುತ್ತವೆ. ಪೈಪಿನ ಕೊನೆಗೆ ಎರಡು ಅಡ್ಡಪಟ್ಟಿ ಬೇಕು. ಮುಂದಿನದು ತೆರೆದಾಗ ಹಿಂದಿನದು ಮುಚ್ಚಿರಬೇಕು. ಒಂದು ಚೆಂಡು ಹೋದ ಮೇಲೆ ಮುಂದಿನದು ಮುಚ್ಚಿ ಹಿಂದಿನದು ತೆರೆಯಬೇಕು. ಒಂದೇ ಸರ್ವೋ ಮೋಟರ್‌ನ (ಹೇಳಿದಷ್ಟೇ ತಿರುಗುವ ಮೋಟರ್) ಎರಡು ತುದಿಗೆ ಎರಡನ್ನೂ ಕಟ್ಟಿದರೆ ಇದು ತಾನಾಗೇ ಆಗುತ್ತದೆ.

ಟೀ ಮೇಲೆ ಚೆಂಡು ಇದೆಯಾ ಅಂತ ನೋಡುವುದಕ್ಕೆ ಇನ್‌ಫ್ರಾರೆಡ್ ಸೆನ್ಸರ್ ಹಾಕಿದ್ದೇನೆ. ಬಿಸಿಲು ನೇರ ಬಿದ್ದರೆ ಅದಕ್ಕೆ ಗೊಂದಲ ಆಗುತ್ತದೆ, ಮೇಲೊಂದು ಚಿಕ್ಕ ಮರೆ ಬೇಕು. ಇನ್ನೂ ಮುಖ್ಯವಾದದ್ದು ಬೇರೆ ಇದೆ. ಹೊಡೆಯುವ ಮೊದಲು ಕ್ಲಬ್ ಚೆಂಡಿನ ಹಿಂದೆ ತಂದು ಇಟ್ಟಾಗ ಸೆನ್ಸರ್ ಅದನ್ನೂ ನೋಡುತ್ತದೆ. ಚೆಂಡು ಟೀಯಿಂದ ಉರುಳಿ ಬಿದ್ದರೂ "ಹೊಡೆತ ಆಯಿತು" ಅಂದುಕೊಳ್ಳುತ್ತದೆ. ಆಗ ನೀವು ಬಗ್ಗಿ ಚೆಂಡು ಎತ್ತುತ್ತಿರುವಾಗಲೇ ಟೀ ಚಲಿಸಬಹುದು. ಅದಕ್ಕೆ ಸೆನ್ಸರ್ ಪೂರ್ತಿ ಖಾಲಿ ಕಂಡ ಮೇಲೂ ಒಂದಷ್ಟು ಸೆಕೆಂಡ್ ಕಾಯುವ ಹಾಗೆ ಪ್ರೋಗ್ರಾಂ ಬರೆಯಬೇಕು. ನಡುವೆ ಏನಾದರೂ ಅಡ್ಡ ಬಂದರೆ ಎಣಿಕೆ ಮತ್ತೆ ಮೊದಲಿಂದ. ಮೋಟರ್ ಶಕ್ತಿಯೂ ಕಡಿಮೆ ಇರಲಿ. 46 ಗ್ರಾಂ ಎತ್ತುವುದಕ್ಕೆ ಎಷ್ಟು ಬೇಕು ಹೇಳಿ! ಬೆರಳು ಸಿಕ್ಕರೆ ಅಲ್ಲೇ ನಿಲ್ಲುವಂತಿರಬೇಕು, ಮಕ್ಕಳಿರುವ ಮನೆಯಲ್ಲಂತೂ ಇದು ಕಡ್ಡಾಯ.

ಇದನ್ನು ಬರೆಯುವಾಗ ಹಳೇ ವೆಜ್ ಸರ್ ಹೇಳಿದ ಮಾತು ತಲೆಗೆ ಹೋಯಿತು. ಆ ಕಾಯುವ ಸಮಯವನ್ನು ನಾನು ಸುರಕ್ಷತೆಗೆ ಇಟ್ಟದ್ದು. ಅದನ್ನೇ ಅರ್ಧ ನಿಮಿಷಕ್ಕೆ ಏರಿಸಿದರೆ ಮೆಷಿನ್ ತಾನೇ ನಮ್ಮನ್ನು ನಿಲ್ಲಿಸುತ್ತದೆ ಅಲ್ವಾ?

ಹಳೇ ವೆಜ್

ಅದೇ ಬೇಕಾಗಿರುವುದು! ಅರ್ಧ ನಿಮಿಷ ಬಹಳ ಚೆನ್ನಾಗಿರುತ್ತದೆ. ಆ ಹೊತ್ತಿನಲ್ಲಿ ಮ್ಯಾಟ್ ಬಿಟ್ಟು ಹಿಂದೆ ಬನ್ನಿ, ಚೆಂಡಿನ ಹಿಂದಿನಿಂದ ಗುರಿ ನೋಡಿ, ಮತ್ತೆ ಹೊಸದಾಗಿ ನಿಲ್ಲಿ. ಕೋರ್ಸ್‌ನಲ್ಲಿ ಮಾಡುವುದೂ ಇದನ್ನೇ.

ಡೇಟಾ ಪ್ರೀತಿ

ಲಾಂಚ್ ಮಾನಿಟರ್ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ, ನಾನು ಹೇಳುತ್ತೇನೆ.

ಮುಖ್ಯವಾಗಿ ಎರಡು ಜಾತಿ. ಒಂದು ರಾಡಾರ್. ಡೆನ್ಮಾರ್ಕ್‌ನಲ್ಲಿ 2003ರಲ್ಲಿ ಶುರುವಾದ ಟ್ರ್ಯಾಕ್‌ಮ್ಯಾನ್ ಇದರಲ್ಲಿ ದೊಡ್ಡ ಹೆಸರು. ಚಿಕ್ಕವೂ ಬಂದಿವೆ, ಗಾರ್ಮಿನ್ ಆರ್10 ಥರದವು. ಇವನ್ನು ಚೆಂಡಿನ ಹಿಂದೆ ಎರಡು ಮೀಟರ್ ಆಸುಪಾಸಿನಲ್ಲಿ ಇಡುತ್ತಾರೆ. ದೂರ ಹೋಗುತ್ತಿರುವ ಚೆಂಡಿಗೆ ಬಡಿದು ವಾಪಸ್ ಬರುವ ಅಲೆಯ ವ್ಯತ್ಯಾಸದಿಂದ ವೇಗ ಲೆಕ್ಕ ಹಾಕುತ್ತವೆ. ಹಾಗಾಗಿ ಚೆಂಡು ಸ್ವಲ್ಪ ದೂರ ಹಾರಲೇಬೇಕು. ಇನ್ನೊಂದು ಜಾತಿ ಕ್ಯಾಮೆರಾ. ಅದು ಚೆಂಡಿನ ಪಕ್ಕ ಕೂರುತ್ತದೆ ಅಥವಾ ಚಾವಣಿಗೆ ನೇತಾಡುತ್ತದೆ. ಹೊಡೆತದ ಕ್ಷಣದಲ್ಲಿ ಅತಿ ವೇಗದ ಚಿತ್ರ ತೆಗೆದು ಚೆಂಡು ಹೊರಟ ಕೋನ, ಸುತ್ತು ಎಲ್ಲ ಅಳೆಯುತ್ತದೆ. ಜಾಗ ಕಡಿಮೆ ಇರುವ ಮನೆಗೆ ಕ್ಯಾಮೆರಾ ವಾಸಿ. ರಾಡಾರ್ ಇಡುವುದಾದರೆ ಚೆಂಡಿನಿಂದ ನೆಟ್‌ಗೆ ಮೂರು ಮೀಟರ್, ಚೆಂಡಿನ ಹಿಂದೆ ಎರಡು ಎರಡೂವರೆ ಮೀಟರ್ ಲೆಕ್ಕ ಇಟ್ಟುಕೊಳ್ಳಿ. ಚಾವಣಿ ಮೂರು ಮೀಟರ್ ಇದ್ದರೆ ಡ್ರೈವರ್ ನೆಮ್ಮದಿಯಾಗಿ ಬೀಸಬಹುದು. ಎತ್ತರದ ಆಳಾದರೆ ಮೊದಲು ನಿಧಾನಕ್ಕೆ ಬೀಸಿ ನೋಡಿ.

ಚಿಕ್ಕ ರಾಡಾರ್ ನೆಟ್ ಮುಂದೆ ತೋರಿಸುವ ಸ್ಪಿನ್, ಅಂದರೆ ಚೆಂಡಿನ ಸುತ್ತಿನ, ಅಂಕಿಯನ್ನು ಪೂರ್ತಿ ನಂಬಬೇಡಿ. ಚೆಂಡಿಗೆ ಲೋಹದ ಚುಕ್ಕೆ ಅಂಟಿಸಿದರೆ ಸ್ವಲ್ಪ ನಿಜಕ್ಕೆ ಹತ್ತಿರ ಬರುತ್ತದೆ. ಅಮೆರಿಕದ ವೃತ್ತಿಪರ ಪಂದ್ಯಸರಣಿ ಪಿಜಿಎ ಟೂರ್‌ನ ಆಟಗಾರರ ಸರಾಸರಿ ಡ್ರೈವರ್‌ನಲ್ಲಿ ನಿಮಿಷಕ್ಕೆ ಸುಮಾರು 2,700 ಸುತ್ತು, ಏಳನೇ ಐರನ್‌ನಲ್ಲಿ ಸುಮಾರು 7,000. ಚೆಂಡು ಎಷ್ಟು ದೂರ ಹೋಗಿ ಎಷ್ಟು ತಿರುಗುತ್ತದೆ ಅನ್ನುವುದಕ್ಕೆ ಈ ಅಂಕಿ ಬಹಳ ಮುಖ್ಯ. ಇದು ಅಂದಾಜಾದರೆ ಮಾನಿಟರ್ ತೆರೆ ಮೇಲಿನ ಹಾರಾಟವೂ ಅಂದಾಜೇ.

ನಂಬಬಹುದಾದದ್ದು ಚೆಂಡಿನ ವೇಗ. ಅದನ್ನು ಕ್ಲಬ್ ವೇಗದಿಂದ ಭಾಗಿಸಿ. ಡ್ರೈವರ್‌ನಲ್ಲಿ 1.5ರ ಹತ್ತಿರ ಬಂದರೆ ಕ್ಲಬ್ಬಿನ ನಡುವಿಗೆ ತಗುಲಿದೆ ಅಂತ ಅರ್ಥ. ಕ್ಲಬ್ ಗಂಟೆಗೆ 90 ಮೈಲಿ ವೇಗದಲ್ಲಿ ಬಂದು ಚೆಂಡು 120ರಲ್ಲಿ ಹೊರಟರೆ 1.33. ಅಂದರೆ ಅಂಚಿಗೆ ತಗುಲಿದೆ. ಜೋರಾಗಿ ಬೀಸುವ ಬದಲು ಇದನ್ನು ಸರಿ ಮಾಡಿಕೊಂಡರೆ ದೂರ ತಾನಾಗಿ ಬರುತ್ತದೆ.

ಎಡಗೈ ಆಟ

ನನ್ನಂಥವರಿಗೆ ಒಂದು ಮಾತು ಸೇರಿಸಿ. ಪಕ್ಕದಲ್ಲಿ ಇಡುವ ಕ್ಯಾಮೆರಾ ಆಟಗಾರನ ಮುಖಕ್ಕೆ ಎದುರಾಗಿ ಕೂರುತ್ತದೆ. ಬಲಗೈಯವರೂ ಎಡಗೈಯವರೂ ಒಂದೇ ಮನೆಯಲ್ಲಿದ್ದರೆ ಪ್ರತಿ ಸಲ ಅದನ್ನು ಎತ್ತಿ ಆಚೆ ಕಡೆ ಇಡಬೇಕು. ಹಿಂದೆ ಇಡುವ ರಾಡಾರ್ ಅಥವಾ ಚಾವಣಿ ಕ್ಯಾಮೆರಾಕ್ಕೆ ಈ ಕಷ್ಟ ಇಲ್ಲ.

ಹಳೇ ವೆಜ್

ಡೇಟಾ ಪ್ರೀತಿ ಅವರ ಮಾತಿಗೆ ಇದು ಜೊತೆಗಿರಲಿ. ಪ್ರತಿ ಹೊಡೆತಕ್ಕೂ ತೆರೆ ನೋಡುವ ಅಭ್ಯಾಸ ಮಾಡಿಕೊಳ್ಳಬೇಡಿ. 1984ರಲ್ಲಿ ಸಾಲ್ಮೋನಿ, ಶ್ಮಿಟ್, ವಾಲ್ಟರ್ ಎಂಬ ಮೂವರು ಬರೆದ ಒಂದು ವಿಮರ್ಶೆ ಇದೆ. ಫಲಿತಾಂಶವನ್ನು ಪ್ರತಿ ಸಲ ಹೊರಗಿನಿಂದಲೇ ಹೇಳಿಕೊಟ್ಟರೆ ಕಲಿಯುವವನು ಅದಕ್ಕೇ ಆತುಕೊಳ್ಳುತ್ತಾನೆ, ಅದನ್ನು ತೆಗೆದ ಮೇಲೆ ತಡವರಿಸುತ್ತಾನೆ ಅನ್ನುವುದು ಅದರ ತಿರುಳು. ಕೋರ್ಸ್‌ನಲ್ಲಿ ತೆರೆ ಇರುವುದಿಲ್ಲವಲ್ಲ.

ನನ್ನ ಹತ್ತಿರ ಬರುವವರಿಗೆ ಹೀಗೆ ಹೇಳುತ್ತೇನೆ. ಹೊಡೆದ ಮೇಲೆ ತೆರೆಗೆ ಬೆನ್ನು ಹಾಕಿ. ಚೆಂಡು ಗುರಿಯ ಎಡಕ್ಕೆ ಹೊರಟಿತಾ, ಬಲಕ್ಕಾ? ಕ್ಲಬ್ಬಿನ ತಲೆಯ ಮೂತಿಗೆ (ಹೊರತುದಿ) ತಗುಲಿತಾ, ಹಿಮ್ಮಡಿಗಾ (ಕೋಲು ಸೇರುವ ಕಡೆ)? ಬಾಯಿಬಿಟ್ಟು ಹೇಳಿ. ಆಮೇಲೆ ತಿರುಗಿ ನೋಡಿ. ಮೊದಮೊದಲು ಎರಡೂ ಹೊಂದುವುದೇ ಇಲ್ಲ. ಹೊಂದುವುದಕ್ಕೆ ಶುರುವಾದಾಗ ಆಟಗಾರನ ಮುಖ ನೋಡಬೇಕು! ಅಷ್ಟು ಖುಷಿ. ಆ ಅರ್ಧ ನಿಮಿಷದಲ್ಲಿ ಮಾಡಬೇಕಾದ ಕೆಲಸವೂ ಇದೇ.

ಪಟ್ಟಿಂಗ್ ಹುಚ್ಚು

ಪಟ್ಟಿಂಗ್‌ಗೆ, ಅಂದರೆ ಹೋಲ್ ಎಂಬ ಗುಳಿಗೆ ಚೆಂಡು ಉರುಳಿಸುವ ಅಭ್ಯಾಸಕ್ಕೆ, ಸಿಗುವ ವಾಪಸ್ ತಳ್ಳುವ ಮೆಷಿನ್ ಬಗ್ಗೆಯೂ ಎರಡು ಮಾತು. ಚೆಂಡು ಒಳಗೆ ಹೋದರೆ ಒಂದು ಪಟ್ಟಿ ಒದ್ದು ವಾಪಸ್ ಕಳಿಸುತ್ತದೆ. ದಿಕ್ಕು ಕಲಿಯುವುದಕ್ಕೆ ಪರವಾಗಿಲ್ಲ. ವೇಗ ಕಲಿಯುವುದಕ್ಕೆ ಕೆಟ್ಟದ್ದು. ಯಾಕೆಂದರೆ ಹೆಚ್ಚಿನವುಗಳಲ್ಲಿ ಬಾಯಿಗೆ ಚಿಕ್ಕ ಏರು ಇರುತ್ತದೆ. ಅದನ್ನು ಹತ್ತಿಸಲು ಜೋರಾಗಿ ಹೊಡೆಯಬೇಕು. ನಿಜವಾದ ಹೋಲ್ 108 ಮಿಲಿಮೀಟರ್ ಅಗಲ. ಜೋರಾಗಿ ಬಂದ ಚೆಂಡು ಅದರ ಅಂಚಿಗೆ ತಗುಲಿ ಹೊರಗೆ ಹೋಗುತ್ತದೆ, ಮೆಷಿನ್‌ನಲ್ಲಿ ಅದೇ ಚೆಂಡು ಒಳಗೆ. ಮೆಷಿನ್ ತೆಗೆದು ನೆಲಕ್ಕೆ ಒಂದು ನಾಣ್ಯ ಇಡಿ. ಅದನ್ನು ದಾಟಿ ಒಂದೂವರೆ ಅಡಿಯೊಳಗೆ ನಿಲ್ಲಿಸಿ. ಎದ್ದು ಹೋಗಿ ಚೆಂಡು ತನ್ನಿ. ಬೇರೆ ದೂರದಿಂದ ಹೊಡೆಯಿರಿ.

ಸರ್ಕ್ಯೂಟ್

ಮೆಷಿನ್ ಅಂದಾಗ ಸ್ವಿಂಗ್ ರೋಬಾಟ್ ನೆನಪಾಗುತ್ತದೆ. ಅಮೆರಿಕದ ಹಳೇ ಗಾಲ್ಫ್ ಚಾಂಪಿಯನ್ ಬೈರನ್ ನೆಲ್ಸನ್ ಅವರ ಸ್ವಿಂಗ್ ಮಾದರಿ ಇಟ್ಟುಕೊಂಡು 1960ರ ದಶಕದಲ್ಲಿ ಮಾಡಿದ ಐರನ್ ಬೈರನ್ ಅನ್ನು ಚೆಂಡು, ಕ್ಲಬ್ ಪರೀಕ್ಷೆಗೆ ಬಳಸುತ್ತಿದ್ದರು. 2016ರಲ್ಲಿ ಎಲ್ಡ್ರಿಕ್ ಎಂಬ ರೋಬಾಟ್ ಅಮೆರಿಕದ ಸ್ಕಾಟ್ಸ್‌ಡೇಲ್ ಕೋರ್ಸ್‌ನ 16ನೇ ಹೋಲ್‌ನಲ್ಲಿ ಐದನೇ ಹೊಡೆತಕ್ಕೇ ನೇರ ಹೋಲ್‌ಗೆ ಹಾಕಿತು. ಐದನೆಯದು! ಅಂಥ ರೋಬಾಟ್‌ಗೂ ಮೊದಲ ನಾಲ್ಕು ಒಳಗೆ ಹೋಗಲಿಲ್ಲ ಅನ್ನುವುದೇ ನನಗೆ ಬಹಳ ಇಷ್ಟ. ಗಾಳಿ, ನೆಲದ ಪುಟಿತ ಯಾರ ಕೈಯಲ್ಲೂ ಇಲ್ಲ.

ಏಳನೇ ಐರನ್

ಎಲ್ಲರಿಗೂ ಮನಸಾರೆ ಧನ್ಯವಾದ. ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಮನೆಗೆ ಮೊದಲು ದಪ್ಪ ಮ್ಯಾಟ್, ನೆಟ್. ಆಮೇಲೆ ಕ್ಯಾಮೆರಾ ಜಾತಿಯ ಮಾನಿಟರ್, ನನ್ನ ಕೋಣೆ ಉದ್ದ ಇಲ್ಲ. ಟೀ ಮೆಷಿನ್ ಸದ್ಯಕ್ಕೆ ರೇಂಜ್‌ನಲ್ಲೇ, ಡ್ರೈವರ್‌ಗೆ ಮಾತ್ರ. ಬಾಗಿಲ ಹತ್ತಿರದ ಮ್ಯಾಟ್ ಬೇಕಾದವರು ಬಂದರೆ ಬಿಟ್ಟುಕೊಡುತ್ತೇನೆ, ಆ ವಿಷಯ ನನಗೆ ಹೊಳೆದೇ ಇರಲಿಲ್ಲ.

ರೇಂಜ್ ಕೆಲಸ ಅವರಿಗೆ ಒಂದು ಪ್ರಶ್ನೆ. ರೇಂಜ್‌ನ ಮೆಷಿನ್‌ನಲ್ಲಿ ಆ ಕಾಯುವ ಸಮಯ ಆಟಗಾರ ಬದಲಿಸಬಹುದಾ?

ರೇಂಜ್ ಕೆಲಸ

ಮೆಷಿನ್ ಮೇಲೆ ಹೋಗುತ್ತದೆ. ಕೆಲವದರಲ್ಲಿ ಒಳಗಿನ ಸೆಟ್ಟಿಂಗ್‌ನಲ್ಲಿ ಇರುತ್ತದೆ, ಅದು ಸಿಬ್ಬಂದಿ ಕೈಯಲ್ಲಿ. ಕೌಂಟರ್‌ನಲ್ಲಿ ಕೇಳಿ ನೋಡಿ, ಒಂದು ಮ್ಯಾಟ್‌ಗೆ ನಿಧಾನ ಮಾಡಿಕೊಡುವುದು ದೊಡ್ಡ ಕೆಲಸವಲ್ಲ. ಆಗದಿದ್ದರೆ ಸುಲಭದ ದಾರಿ ಇದೆ. ಡಬ್ಬಿಗೆ ಇಡೀ ಬುಟ್ಟಿ ಸುರಿಯಬೇಡಿ. ಬುಟ್ಟಿಯನ್ನು ಹಿಂದೆ ಸ್ಟೂಲ್ ಮೇಲೆ ಇಟ್ಟು, ಒಂದು ಸಲಕ್ಕೆ ಒಂದೇ ಚೆಂಡು ಡಬ್ಬಿಗೆ ಹಾಕಿ. ಬಗ್ಗುವುದೂ ತಪ್ಪುತ್ತದೆ, ಮ್ಯಾಟ್ ಬಿಟ್ಟು ಹಿಂದೆ ಬರುವುದೂ ಆಗುತ್ತದೆ. ಹಾಕುವ ಮೊದಲು ಚೆಂಡು ಒಮ್ಮೆ ಒರೆಸಿದರೆ ನನಗೂ ಉಪಕಾರ.